ಲಿಫ್ಟಿನ ಕರೆಂಟು

"ಲೈಟ್ ಬಂತಲ್ಲ, ಮತ್ತೆ ಲಿಫ್ಟ್ ಎಂತಕ್ಕೆ ಹೋಗುದಿಲ್ಲ?"

ಮೂರನೆಯ ಮಹಡಿಯ ಜಾಲರಿ ಬಾಗಿಲು ಹಿಡಿದು ಜಯಂತಿ ಕೂಗಿದಳು. ಕೆಳಗೆ, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನೊಳಗಿಂದ ಅತ್ತೆ ಸರೋಜಿನಿಯವರ ಉಸಿರು ಗೊರಗೊರ ಕೇಳುತ್ತಿತ್ತು. ದಮ್ಮಿನ ಮದ್ದು ಜಯಂತಿಯ ಮುಷ್ಟಿಯಲ್ಲೇ ಇತ್ತು, ಕೊಡಲು ದಾರಿಯಿರಲಿಲ್ಲ. ಗಂಡ ರಮಾನಾಥ ಬ್ಯಾಂಕಿನ ಕೆಲಸದ ಮೇಲೆ ಸಿಲಿಗುರಿಗೆ ಹೋಗಿದ್ದ. ಲಿಫ್ಟ್‌ಮನ್ ಕೆಂಪು ಬಾವುಟ ಹಿಡಿದು ಬ್ರಿಗೇಡ್ ಮೈದಾನದ ಪಕ್ಷದ ಸಭೆಗೆ ಹೋಗಿದ್ದ. ಪಾರ್ಕ್ ಸ್ಟ್ರೀಟಿನ ಆ ಹಳೆಯ ಕಟ್ಟಡದಲ್ಲಿ ಲೋಡ್‌ಶೆಡ್ಡಿಂಗ್ ಮುಗಿದು ಫ್ಯಾನುಗಳೆಲ್ಲ ತಿರುಗತೊಡಗಿದ್ದವು. ಲಿಫ್ಟ್ ಮಾತ್ರ ಮಿಸುಕಲಿಲ್ಲ.

ಎರಡನೆಯ ಮಹಡಿಯ ಅಣ್ಣಪ್ಪ ಬನಿಯನ್ನಿನಲ್ಲೇ ಓಡಿಬಂದ. ಧಾರವಾಡದ ಕಡೆಯವನು, ರೈಲ್ವೆಯಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್.

"ಅದು ಬ್ಯಾರೆ ಕರೆಂಟ್ ತಂಗಿ. ಬೀದಿಯಿಂದ ಬರೋದು ಏಸಿ. ಈ ಮೋಟಾರು ಬ್ರಿಟಿಷರ ಕಾಲದ್ದು, ಇದಕ್ಕ ಡೀಸಿನ ಬೇಕು. ಏಸಿನ್ನ ಡೀಸಿ ಮಾಡೋ ಗಾಜಿನ ಬುರುಡಿ ನೆಲಮಾಳಿಗ್ಯಾಗ ಅದ. ಅದು ಹೊತ್ತಿಲ್ಲ. ನನಗ ಇನ್ನೊಂದು ಕೈ ಬೇಕು, ಬಾ."

"ನಾನಾ?" ಫ್ಯೂಸು ಕೂಡ ಮುಟ್ಟಿದವಳಲ್ಲ ಅವಳು. ಆದರೂ ಇಳಿದಳು.

ಕಬ್ಬಿಣದ ಕಪಾಟಿನೊಳಗೆ ಕೊಡಪಾನದಷ್ಟು ದೊಡ್ಡ ಗಾಜಿನ ಬುರುಡೆ ತೂಗುತ್ತಿತ್ತು. ಸುತ್ತ ಆರು ಬಾಗಿದ ಗಾಜಿನ ತೋಳುಗಳು, ತಳದಲ್ಲಿ ಒಂದಿಷ್ಟು ಪಾದರಸ. ಅಣ್ಣಪ್ಪ ಒಣ ಮರದ ಕೋಲನ್ನು ಬುರುಡೆಗೆ ಆನಿಸಿದ.

"ಪಾದರಸ ಒಳಗಿನ ತಂತಿಗೆ ತಾಗೋಹಂಗ ನಾ ಅಲುಗಿಸ್ತೀನಿ. 'ಹೂಂ' ಅಂದಾಗ ಆ ಗುಂಡಿ ಒತ್ತು. ಬ್ಯಾರೆ ಏನೂ ಮುಟ್ಟಬ್ಯಾಡ."

"ಗಾಜು ಒಡೆದರೆ?"

"ಒಡೀಬಾರದು."

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಒಂದು ಕಿಡಿ ಹಾರಿ ಸತ್ತಿತು. ಲಿಫ್ಟಿನ ಬಾವಿಯಿಂದ ಬರುತ್ತಿದ್ದ ಉಸಿರಿನ ಸದ್ದು ಈಗ ಕೇಳಿಸದಾಯಿತು. ಜಯಂತಿ ಮತ್ತೆ ಗುಂಡಿಯ ಮೇಲೆ ಬೆರಳಿಟ್ಟಳು.

"ಹೂಂ!"

ಒತ್ತಿದಳು. ಪಾದರಸದ ಮೇಲೆ ಸಾಸಿವೆಯಷ್ಟು ಬೆಳಕು ಹುಟ್ಟಿತು. ಮರುಗಳಿಗೆಯಲ್ಲಿ ಬುರುಡೆ ತುಂಬ ನೇರಳೆ ಬಣ್ಣದ ಬೆಂಕಿ ಉಕ್ಕಿ ಆರು ತೋಳುಗಳಿಗೂ ಹರಿಯಿತು. ಉರಿಯುವ ಚುಕ್ಕೆಯೊಂದು ಪಾದರಸದ ಮೇಲೆ ಹುಚ್ಚೆದ್ದು ಓಡಾಡುತ್ತಿತ್ತು. ಹೊಗೆಯಿಲ್ಲ, ಸದ್ದೂ ಇಲ್ಲವೆನ್ನುವಷ್ಟು ಸಣ್ಣ ಗುಂಯ್‌ಗುಡುವಿಕೆ. ಇಷ್ಟು ವರ್ಷ ದಿನಕ್ಕೆ ನಾಲ್ಕು ಸಲ ತನ್ನನ್ನು ಹೊತ್ತು ಹತ್ತಿಸಿ ಇಳಿಸಿದ್ದು ಇದೇ! ಕೈ ಗುಂಡಿಯ ಮೇಲಿದ್ದುದನ್ನೇ ಅವಳು ಮರೆತಳು.

"ಬಿಡು ತಂಗಿ, ಹೊತ್ತೇದ. ಓಡು!"

ಮೇಲೆ ಮೋಟಾರು ಗುಡುಗಿತು. ಲಿಫ್ಟ್ ನೆಲಮಹಡಿಗೆ ಇಳಿದು ನಿಂತಾಗ ಸರೋಜಿನಿ ಮೂಲೆಯಲ್ಲಿ ಕುಕ್ಕರಿಸಿದ್ದರು, ತುಟಿ ನೀಲಿಗಟ್ಟಿತ್ತು. ಜಯಂತಿ ಬಾಯಿಗೆ ಮದ್ದು ಹಿಡಿದಳು. ಬಹಳ ಹೊತ್ತಿನ ಮೇಲೆ ಅವರು ಕಣ್ಣು ಬಿಟ್ಟರು.

"ಲಿಫ್ಟಿಗೆ ಎಂತ ಮಾಡಿದೆ ಮಾರಾಯ್ತಿ?"

"ಬನ್ನಿ ಅತ್ತೆ, ತೋರಿಸ್ತೇನೆ," ಎಂದು ಜಯಂತಿ ಹೆಗಲು ಕೊಟ್ಟು ಒಂದೊಂದೇ ಮೆಟ್ಟಿಲು ನೆಲಮಾಳಿಗೆಗೆ ಇಳಿಸಿದಳು.

ಮುದುಕಿ ಕಪಾಟಿನ ಮುಂದೆ ಸೊಸೆಯ ತೋಳು ಹಿಡಿದು ನಿಂತರು. ಅವರ ಕನ್ನಡಕದ ಎರಡೂ ಗಾಜುಗಳಲ್ಲಿ ನೇರಳೆ ಬೆಳಕು ಕುಣಿಯುತ್ತಿತ್ತು.