ಜಗಳದ ನಡುವೆ ಆರುವ ಲ್ಯಾಪ್‌ಟಾಪ್

ಟೈಲರ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನನ್ನ ರಿಪೇರಿ ಅಂಗಡಿಗೆ ಬಂದರು. ಹಿಂದೆಯೇ ಅವರ ಹೆಂಡತಿ, ಟೀಚರಮ್ಮ. ಗಂಟಲಿನ ಆಪರೇಷನ್ ಆದಮೇಲೆ ಟೀಚರಮ್ಮನಿಗೆ ದನಿ ಇಲ್ಲ. ಅವರು ಟೈಪ್ ಮಾಡುತ್ತಾರೆ, ಲ್ಯಾಪ್‌ಟಾಪ್ ಅದನ್ನು ಓದಿ ಹೇಳುತ್ತದೆ.

"ನೋಡಮ್ಮ, ಬೇರೆ ಹೊತ್ತಲ್ಲೆಲ್ಲ ಇದು ಚೆನ್ನಾಗೇ ಇರುತ್ತೆ. ಇವಳು ನನ್ನ ಬೈಯೋಕೆ ಶುರು ಮಾಡಿದ್ರೆ ಸಾಕು, ಅರ್ಧಕ್ಕೇ ಆಫ್! ನಾನೇ ಸ್ವಿಚ್ ಆರಿಸ್ತೀನಿ ಅಂತ ಇವಳ ಅನುಮಾನ. ಮೊನ್ನೆಯಿಂದ ನನ್ನ ಮುಖಾನೂ ನೋಡ್ತಿಲ್ಲ."

ಟೀಚರಮ್ಮ ಗೋಡೆ ನೋಡುತ್ತ ನಿಂತಿದ್ದರು. ನಗಲು ಹೊರಟವಳು ಅವರ ಕಣ್ಣು ಕಂಡು ಬಾಯಿ ಮುಚ್ಚಿಕೊಂಡೆ. ಇರುವ ಒಂದು ದನಿಯನ್ನೂ ಕಟ್ಟಿಕೊಂಡವನೇ ಕಿತ್ತುಕೊಂಡ ಅನ್ನಿಸಿದರೆ ಹೇಗಾಗಬೇಡ!

ಚಾರ್ಜರ್ ಹಾಕಿ ಆನ್ ಮಾಡಿ, ಮೊದಲು ಬ್ಯಾಟರಿ ನೋಡಿದೆ. ಪರದೆಯೇನೋ ಅರವತ್ತು ಪರ್ಸೆಂಟ್ ಅನ್ನುತ್ತಿತ್ತು. ಚಾರ್ಜರ್ ಕಿತ್ತೆ, ಅಲ್ಲಿಗೆ ಎಲ್ಲ ಕತ್ತಲು.

"ಇದು ಹೆಸರಿಗಷ್ಟೇ ಬ್ಯಾಟರಿ. ಕರೆಂಟ್ ಇರೋವರೆಗೂ ಬಂಡವಾಳ ಬಯಲಾಗಲ್ಲ," ಅಂದೆ.

"ಚಾರ್ಜರ್ ಹಾಕಿದ್ದಾಗಲೂ ಆರುತ್ತಲ್ಲಮ್ಮ!"

ಚಾರ್ಜರ್‌ಗೆ ಮೀಟರ್ ಹಿಡಿದೆ. ಅದರಲ್ಲಿ ಊನವಿಲ್ಲ. ಅದನ್ನೇ ಹಾಕಿ, ಮತ್ತೆ ಆನ್ ಮಾಡಿ ಟೀಚರಮ್ಮನ ಮುಂದಿಟ್ಟೆ. ಅವರು ಮೆಲ್ಲಗೆ ಬೆರಳಾಡಿಸಿದರು. 'ಅಂಗಡಿ ಚೆನ್ನಾಗಿದೆ ಮಗಳೇ. ಕಸ ಗುಡಿಸಬಹುದಿತ್ತು,' ಎಂದಿತು ಲ್ಯಾಪ್‌ಟಾಪ್. ಆರಲಿಲ್ಲ.

ದೋಷ ಕಣ್ಣಿಗೆ ಬೀಳದೆ ರಿಪೇರಿ ಹೇಗೆ? "ಟೀಚರಮ್ಮ, ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ," ಅಂದೆ.

ಆಗಲ್ಲ ಎಂದು ತಲೆ ಅಲ್ಲಾಡಿಸಿದರು. ಕರೆದಾಗ ಬರಲು ಸಿಟ್ಟೇನು ನೆಂಟನೇ?

ಟೈಲರ್ ಗಂಟಲು ಸರಿಮಾಡಿಕೊಂಡರು. "ನಿನ್ನ ತಮ್ಮನ ಮದುವೆ ಕೋಟು ಬಿಗಿಯಾಗಿದ್ದು ನನ್ನ ತಪ್ಪಲ್ಲ. ನಿಮ್ಮ ಮನೆಯವರ ಹೊಟ್ಟೆ ತಪ್ಪು."

ಟಕಟಕಟಕ! ಮೇಜೇ ಅಲುಗಿತು. 'ಆ ಹೊಟ್ಟೆ ಅಳೆದವರು ಯಾರು? ನಿಮ್ಮ ಟೇಪು...' ಪರದೆ ಕಪ್ಪಾಯಿತು.

ಟೀಚರಮ್ಮ ತಟ್ಟನೆ ಗಂಡನ ಕೈ ನೋಡಿದರು. ಅವರು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಿದ್ದರು, ಸ್ವಿಚ್ಚಿನಿಂದ ಮಾರು ದೂರ.

"ಸಿಕ್ತು! ಚಾರ್ಜರ್ ಪಿನ್ ಕೂರೋ ಜಾಗ ಸಡಿಲ ಆಗಿದೆ. ಮೆಲ್ಲಗೆ ಒತ್ತಿದ್ರೆ ತಡ್ಕೊಳ್ಳುತ್ತೆ. ಸಿಟ್ಟಲ್ಲಿ ಕುಟ್ಟಿದ್ರೆ ಅಲುಗಿ ಕರೆಂಟ್ ತಪ್ಪುತ್ತೆ. ಆಗ ಕೈ ಹಿಡಿಯೋಕೆ ಬ್ಯಾಟರೀಲಿ ಜೀವ ಇಲ್ಲ. ಇವರೇನೂ ಮಾಡಿಲ್ಲಮ್ಮ."

ಆ ಜಾಗಕ್ಕೆ ಬೆಸುಗೆ ಹಾಕಿ, ಹೊಸ ಬ್ಯಾಟರಿ ಕೂರಿಸುವವರೆಗೆ ಇಬ್ಬರೂ ಬೆಂಚಿನ ಮೇಲೆ ಕಾದರು. ಮೊದಮೊದಲು ಆ ತುದಿಗೊಬ್ಬರು, ಈ ತುದಿಗೊಬ್ಬರು. ಆಮೇಲಾಮೇಲೆ ನಡುವೆ ಒಂದು ಚೀಲ ಮಾತ್ರ.

ಲ್ಯಾಪ್‌ಟಾಪ್ ಕೈಗೆ ಬಂದದ್ದೇ ಟೀಚರಮ್ಮ ಜೋರಾಗಿ ಕುಟ್ಟಿದರು. 'ಸುಮ್ಮನೆ ಅನುಮಾನಪಟ್ಟೆ. ತಪ್ಪಾಯ್ತು ರೀ.'

"ಹೋಗ್ಲಿ ಬಿಡೇ," ಅಂದ ಟೈಲರ್ ಕಣ್ಣೊರೆಸಿಕೊಂಡರು.

'ಬಿಡಲ್ಲ. ಬೈಯೋದು ಇನ್ನೂ ಬಾಕಿ ಇದೆ.'

ಟೈಲರ್ ಚೀಲವನ್ನು ನೆಲಕ್ಕಿಟ್ಟು, ಹೆಂಡತಿಯ ಪಕ್ಕಕ್ಕೆ ಸರಿದು ಕೂತರು.

"ಹೇಳು. ಪೂರ್ತಿ ಕೇಳ್ತೀನಿ."