ನಡುಗದ ಕೈ

ನನ್ನ ಗಂಡ ಶರಣಬಸವ ಕುಡಿಯುತ್ತಾರೆಂದು ಕಲ್ಯಾಣದುರ್ಗದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದು ಅವರ ಜಾಣತನವಲ್ಲ, ನನ್ನದು. ಬೆಳಿಗ್ಗೆ ಎದ್ದಾಗ ಅವರ ಕೈ ಅಂಗಿಯ ಗುಂಡಿ ಹಾಕುವಷ್ಟೂ ನೆಟ್ಟಗಿರುತ್ತಿರಲಿಲ್ಲ. ಹಾಲು ಅಳೆಯುವ ಸಣ್ಣ ಲೋಟದಲ್ಲಿ ಒಂದು ಲೋಟ ಬ್ರಾಂದಿ ಅಳೆದು, ಕರಿಕಾಫಿಗೆ ಬೆರೆಸಿ ಕೊಡುತ್ತಿದ್ದೆ. ಮೇಲೆ ಎರಡು ಲವಂಗ. ಅರ್ಧ ಗಂಟೆಯಲ್ಲಿ ಕೈ ನಿಲ್ಲುತ್ತಿತ್ತು. ಆಮೇಲೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ರಿಜಿಸ್ಟ್ರಾರ್ ಆಫೀಸಿನ ಮುಂದಿನ ತಮ್ಮ ಮೇಜಿಗೆ ಹೋಗುತ್ತಿದ್ದರು. ಅವರು ಪತ್ರ ಬರೆಯುವವರು. ಕಂಪ್ಯೂಟರ್ ಬಂದರೂ ಕ್ರಯಪತ್ರದ ಕರಡನ್ನು ಕೈಯಲ್ಲೇ ಬರೆಯುತ್ತಿದ್ದರು. ಅಕ್ಷರ ನೋಡಿದವರು ದೇವರಂಥ ಮನುಷ್ಯ ಅನ್ನುತ್ತಿದ್ದರು. ದೇವರಿಗೆ ಮಧ್ಯಾಹ್ನ ಇನ್ನೊಂದು ಲೋಟ, ಸಂಜೆ ಎರಡು. ಒಂಬತ್ತು ವರ್ಷ ಹೀಗೆ ನಡೆಸಿದೆ.

ಹಿಂದೂಪುರದ ಒಂದು ಸೈಟಿನ ದಾನಪತ್ರಕ್ಕೆ ಇವರು ಸಾಕ್ಷಿ ಸಹಿ ಹಾಕಿದ್ದರು. ದಾನ ಕೊಟ್ಟ ಮುದುಕಿ ಪತ್ರದ ತಾರೀಕಿಗೆ ಎರಡು ವರ್ಷ ಮೊದಲೇ ಸತ್ತಿದ್ದಳಂತೆ. ಯಾರೋ ತಂದರು, ಇವರು ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ಹಿಂದೂಪುರದ ಪೊಲೀಸರು ಬಂದು ಜೀಪಿನಲ್ಲಿ ಕರೆದೊಯ್ದರು. ನಾನು ಬಸ್ಸು ಹಿಡಿದು ಭಾವನ ಮನೆಗೆ ಹೋದೆ. ಭಾವ ಶಿವಯೋಗಪ್ಪನವರು, ಇವರ ಅಣ್ಣ, ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರಿ, ಕಂಡರೆ ನಾಲ್ಕು ಜನ ಎದ್ದು ನಿಲ್ಲುವಂಥವರು. ವಕೀಲರನ್ನು ಗೊತ್ತು ಮಾಡಿದ್ದರು. ಕುಡಿತದ ವಿಷಯ ಗೊತ್ತಾಗಿ ಅವರು ಕೈಬಿಟ್ಟರೆ ನಮಗೆ ಯಾರೂ ಇರಲಿಲ್ಲ.

ಸಂಜೆ ಮಗಳು ಸ್ಪಂದನ ಅನಂತಪುರದ ಹಾಸ್ಟೆಲಿನಿಂದ ಫೋನು ಮಾಡಿದಳು. ಅವಳು ನರ್ಸಿಂಗ್ ಮೂರನೇ ವರ್ಷ. ಮನೆಯ ಗುಟ್ಟು ಗೊತ್ತಿದ್ದ ಇನ್ನೊಬ್ಬಳು ಅವಳೇ.

"ಅಮ್ಮ, ಜೈಲಿಗೆ ಕಳಿಸೋಕೆ ಮುಂಚೆ ಡಾಕ್ಟ್ರು ನೋಡ್ತಾರೆ. ಅಪ್ಪ ಎಷ್ಟು ಕುಡೀತಾರೆ ಅಂತ ಅವರಿಗೆ ಹೇಳ್ಬಿಡು. ಒಂದೇ ಸಲ ನಿಲ್ಸಿದ್ರೆ ಫಿಟ್ಸ್ ಬತ್ತಾವೆ, ಪ್ರಾಣ ಹೋಗೋದೂ ಐತೆ. ಹೇಳಿದ್ರೆ ಅಲ್ಲೇ ಮಾತ್ರೆ ಕೊಡ್ತಾರೆ ಕಣಮ್ಮ."

"ಆಯ್ತು, ಹೇಳ್ತೀನಿ."

ಹೇಳಬೇಕೆಂದೇ ಇದ್ದೆ. ಆದರೆ ಮಂಗಳವಾರ ಬೆಳಿಗ್ಗೆ ಠಾಣೆಯಲ್ಲಿ ಅವರನ್ನು ನೋಡಿದೆ. ಬೆಂಚಿನ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದರು. ಹಣೆಯಲ್ಲಿ ಬೆವರು. ಭಾವ ಹೊರಗೆ ವಕೀಲರ ಜೊತೆ ಮಾತಾಡುತ್ತಿದ್ದರು, ಯಾವ ಗಳಿಗೆಯಲ್ಲಾದರೂ ಒಳಗೆ ಬರಬಹುದು. ನನ್ನ ಚೀಲದಲ್ಲಿ ಫ್ಲಾಸ್ಕ್ ಇತ್ತು. ಇರದೆ ಎಲ್ಲಿ ಹೋಗುತ್ತದೆ?

"ಕಾಫಿ ಕೊಡಬಹುದಾ ಅಣ್ಣ?" ಎಂದು ಕಾನ್‌ಸ್ಟೇಬಲ್ ಬೋರಪ್ಪನನ್ನು ಕೇಳಿದೆ.

"ಕೊಡಮ್ಮ, ಪಾಪ, ನಿನ್ನೆಯಿಂದ ಏನೂ ಮುಟ್ಟಿಲ್ಲ" ಅಂದ.

ನಾನೇ ಬಾಯಿಗೆ ಹಿಡಿದು ಕುಡಿಸಿದೆ. ಕಣ್ಣು ಮುಚ್ಚಿ ಕುಡಿದರು. ಎರಡು ಲವಂಗ ಕೈಗಿಟ್ಟೆ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವಸರ ಮಾಡಲಿಲ್ಲ. ಬಿ.ಪಿ. ನೋಡಿದರು, ಸಕ್ಕರೆ ನೋಡಿದರು. ಕುಡಿತದ ಅಭ್ಯಾಸ ಇದೆಯೇ ಎಂದು ತೆಲುಗಿನಲ್ಲಿ ಕೇಳಿದರು. ನನ್ನ ಗಂಡ ನೆಲ ನೋಡಿದರು. ಪಕ್ಕದಲ್ಲಿದ್ದ ಭಾವ ಎದೆಯ ಮೇಲೆ ಕೈಯಿಟ್ಟು, "ಲಿಂಗ ಕಟ್ಟಿದ ಮನೆ ಸಾರ್ ನಮ್ದು" ಅಂದರು.

ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. "ಕೈ ಮುಂದಕ್ಕೆ ಚಾಚಿ, ಬೆರಳು ಬಿಡಿಸಿ" ಅಂದರು. ಚಾಚಿದರು. ಹತ್ತು ಬೆರಳೂ ಮೇಜಿನ ಮೇಲಿಟ್ಟಂತೆ ನಿಂತವು. ನನಗೆ ಹೆಮ್ಮೆಯಾಯಿತು. ದೇವರಾಣೆಗೂ ಹೆಮ್ಮೆಯಾಯಿತು.

ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮಾ, ಮೀರು ಚೆಪ್ಪಂಡಿ. ತಾಗುತಾರಾ?" ನೀವೇ ಹೇಳಿ, ಕುಡಿಯುತ್ತಾರಾ ಅಂತ.

ಭಾವ ನನ್ನನ್ನೇ ನೋಡುತ್ತಿದ್ದರು.

"ಲೇದು ಸಾರ್", ಇಲ್ಲ ಅಂದೆ.

ಡಾಕ್ಟರು ಬರೆದುಕೊಂಡರು. ಅವತ್ತೇ ಜೈಲಿಗೆ ಕಳಿಸಿದರು. ಹೋಗುವಾಗ ಇವರು, "ಭಯ ಬೀಳಬೇಡ, ದ್ರಾಕ್ಷಾಯಣಿ" ಅಂದರು. ಸಂಜೆ ಸ್ಪಂದನ ಕೇಳಿದಾಗ, ಹೇಳಿದೆ ಎಂದು ಅವಳಿಗೂ ಸುಳ್ಳು ಹೇಳಿದೆ. ಬುಧವಾರ ಹೋಗಿ ಹೇಳಿಬರಬಹುದಿತ್ತು. ಗುರುವಾರವೂ ಬಾಗಿಲು ತೆರೆದೇ ಇತ್ತು. ಹೋಗಲಿಲ್ಲ. ಯಾಕೆಂದು ಈಗ ಕೇಳಿದರೆ ಹೇಳುತ್ತೇನೆ: ನನಗೆ ಆಸೆ ಹುಟ್ಟಿತ್ತು. ಒಂಬತ್ತು ವರ್ಷ ನಾನು ಬಿಡಿಸಲಾಗದ್ದನ್ನು ಜೈಲಿನ ಗೋಡೆ ಬಿಡಿಸಲಿ, ನಾಲ್ಕು ದಿನ ಒದ್ದಾಡಿ ಒಳ್ಳೆಯವರಾಗಿ ಬರಲಿ ಅಂದುಕೊಂಡೆ. ಮಗಳ ಮಾತು ನೆನಪಾದಾಗೆಲ್ಲ, ಮಕ್ಕಳು ಪುಸ್ತಕ ಓದಿ ಹೆದರಿಸುತ್ತಾರೆ ಎಂದು ತಳ್ಳಿಹಾಕಿದೆ.

ಶುಕ್ರವಾರ ಬೆಳಿಗ್ಗೆ ಜೈಲಿನಿಂದ ಫೋನು ಬಂತು, ಇವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಸ್ಪತ್ರೆಯ ವರಾಂಡದಲ್ಲಿ ಜೈಲಿನ ನರ್ಸು ಕೃಷ್ಣವೇಣಿ ಕೂತಿದ್ದಳು. ನನ್ನನ್ನು ಕಂಡು ಎದ್ದಳು. "ಬುಧವಾರವೇ ಕೈ ನಡುಗ್ತಿತ್ತಮ್ಮ. ಕುಡೀತೀರಾ ಅಂತ ಮೂರು ಸಲ ಕೇಳ್ದೆ. ಚಳಿಜ್ವರ ಅಂದ್ರು. ಕುಡಿಯಲ್ಲ ಅಂತ ನಮ್ಮೋಳೇ ಡಾಕ್ಟ್ರಿಗೆ ಹೇಳವ್ಳೆ, ಬರ್ದೈತೆ ನೋಡ್ರಿ ಅಂದ್ರು. ರಾತ್ರಿ ಮೂರು ಸಲ ಫಿಟ್ಸ್ ಬಂದ್ಬುಟ್ಟಾವೆ."

ಒಳಗೆ ಅವರ ಎಡಗೈಯನ್ನು ಮಂಚಕ್ಕೆ ಕಟ್ಟಿದ್ದರು. ಮೈ ಕೆಂಡ. ನನ್ನ ಗುರುತು ಸಿಗಲಿಲ್ಲ. ಬಲಗೈ ಮಾತ್ರ ಹೊದಿಕೆಯ ಮೇಲೆ ಓಡುತ್ತಿತ್ತು, ಬೆರಳುಗಳು ಪೆನ್ನು ಹಿಡಿದ ಹಾಗೆ ಕೂಡಿದ್ದವು. ಪತ್ರ ಬರೆಯುತ್ತಿದ್ದರು. "ಪೂರ್ವಕ್ಕೆ ಬಂಡಿ ದಾರಿ, ಪಶ್ಚಿಮಕ್ಕೆ..." ಅನ್ನುತ್ತಿದ್ದರು, ಅಲ್ಲಿಗೆ ಮರೆತು ಮತ್ತೆ ಪೂರ್ವದಿಂದ ಶುರು ಮಾಡುತ್ತಿದ್ದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಮಂಚ ಸದ್ದು ಮಾಡುತ್ತಿತ್ತು.

ಅದೇ ಡಾಕ್ಟರು ಬಂದರು. ಈ ಸಲ ಅವರು ಕೇಳುವ ಮೊದಲೇ ಹೇಳಿದೆ. ದಿನಕ್ಕೆ ನಾಲ್ಕು ಲೋಟ, ಒಂಬತ್ತು ವರ್ಷದಿಂದ, ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಕೊನೆಯದು, ಕುಡಿಸಿದ್ದು ನಾನೇ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆವತ್ತು ಈ ಮಾತು ಹೇಳಿದ್ದರೆ..." ಎಂದು ಅರ್ಧಕ್ಕೆ ನಿಲ್ಲಿಸಿ, ಸೂಜಿ ತರಲು ಹೇಳಿದರು.

ಬಾಗಿಲಲ್ಲಿ ಭಾವ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಅವರ ಕಾಲು ಹಿಡಿಯಲು ಬಗ್ಗಿದೆ.

"ನಂಗೆ ಗೊತ್ತಿತ್ತು ಕಣಮ್ಮ" ಅಂದರು. "ಅವನ ಪಕ್ಕ ಕೂತ್ರೆ ಗೊತ್ತಾಗಲ್ವಾ? ಎಷ್ಟು ವರ್ಷದಿಂದ ಗೊತ್ತು. ಡಾಕ್ಟ್ರ ಮುಂದೆ ನಿನ್ನ ಮಾನ ಉಳೀಲಿ ಅಂತ ಅಂಗಂದೆ."

ನನಗೆ ಅಳು ಬರಲಿಲ್ಲ. ಯಾರಿಂದ ಮುಚ್ಚಿಟ್ಟೆ, ಯಾರಿಗಾಗಿ ಮುಚ್ಚಿಟ್ಟೆ ಎಂದು ನನ್ನ ಮೇಲೇ ಸಿಟ್ಟು ಉಕ್ಕಿತು.

ಮಧ್ಯಾಹ್ನದ ಬಸ್ಸಿಗೆ ಸ್ಪಂದನ ಬಂದಳು. ನನ್ನ ಕಡೆ ನೋಡದೆ ನೇರವಾಗಿ ಮಂಚದ ಹತ್ತಿರ ಹೋಗಿ ಅಪ್ಪನ ಬಲಗೈ ಹಿಡಿದುಕೊಂಡಳು. ಅಷ್ಟು ಹೊತ್ತಿಗೆ ಅವರು ಪೂರ್ವ ಪಶ್ಚಿಮ ಬಿಟ್ಟಿದ್ದರು, ಬೆರಳು ಮಾತ್ರ ಆಡುತ್ತಿದ್ದವು. ನಾಲ್ಕು ಗಂಟೆಯ ಸುಮಾರಿಗೆ ಅವಳು ನಾಡಿ ಹುಡುಕಿದಳು, ಮತ್ತೆ ಹುಡುಕಿದಳು, ಡಾಕ್ಟರನ್ನು ಕೂಗಿದಳು. ಅವರು ಬಂದು ಎದೆ ಒತ್ತಿದರು, ಬಹಳ ಹೊತ್ತು ಒತ್ತಿದರು, ಆಮೇಲೆ ಗಡಿಯಾರ ನೋಡಿದರು.

ಮಗಳು ಆ ಕೈಯನ್ನು ಹೊದಿಕೆಯ ಮೇಲೆ ಇಟ್ಟಳು. ಬೆರಳು ನೆಟ್ಟಗಿದ್ದವು, ಒಂದೂ ಅಲುಗಲಿಲ್ಲ. ಈ ಸಲ ನಾನು ಏನೂ ಕೊಟ್ಟಿರಲಿಲ್ಲ.