ಇಸ್ತ್ರಿಯಕ್ಕನ ಬೂದಿ, ಹಿತ್ತಲ ಸೊಪ್ಪು

ಇಸ್ತ್ರಿಯಕ್ಕನ ಹಿತ್ತಲಲ್ಲಿ ಪಾಲಕ್ ಸೊಪ್ಪು ಎರಡನೇ ಸಲವೂ ಸತ್ತಿತು. ಮೊದಲು ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು, ಆಮೇಲೆ ಇಡೀ ಎಲೆ ಹಳದಿಗೆ ತಿರುಗಿತು, ವಾರ ತುಂಬುವುದರೊಳಗೆ ಮಡಿಯಲ್ಲಿ ನಿಂತದ್ದು ಒಣ ದಂಟು ಮಾತ್ರ. ಬೇಸಿಗೆಯಲ್ಲಿ ಸೊಪ್ಪು ಒಣಗುವುದು ಯಾರ ಮನೆಯಲ್ಲೂ ಹೊಸ ಸುದ್ದಿಯಲ್ಲ. ನಾವು ನೀವೆಲ್ಲ ಬಿಸಿಲನ್ನೊಂದಿಷ್ಟು, ಬೀಜದ ಅಂಗಡಿಯವನನ್ನೊಂದಿಷ್ಟು ಬೈದು ಸುಮ್ಮನಾಗುತ್ತೇವೆ. ಇಸ್ತ್ರಿಯಕ್ಕ ಬೈದದ್ದು ಸೊಸೆಯನ್ನು.

ಇಸ್ತ್ರಿಯಕ್ಕನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಒಂದು ಎತ್ತರದ ಮೇಜು, ಅದರ ಮೇಲೆ ನಾಲ್ಕು ಮಡಿಕೆ ಕಂಬಳಿ, ಇದ್ದಿಲು ತುಂಬುವ ಭಾರದ ಇಸ್ತ್ರಿಪೆಟ್ಟಿಗೆ. ಇಪ್ಪತ್ತೈದು ವರ್ಷದಿಂದ ಅದೇ ಪೆಟ್ಟಿಗೆ, ಅದೇ ಕೈ. ಬಟ್ಟೆಯ ವಾಸನೆ ಹಿಡಿದೇ ಕಾವು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಬಲ್ಲಳು. ಗಂಡ ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಗಂಟು ತರುತ್ತಾನೆ, ಮಡಿಸಿದ್ದನ್ನು ಮುಟ್ಟಿಸುತ್ತಾನೆ. ಮಗ ಲಾರಿ ಡ್ರೈವರು, ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಸೊಸೆ ಆರು ತಿಂಗಳ ಬಸುರಿ. ಅತ್ತೆ ಇಸ್ತ್ರಿ ಹಾಕಿದ ಅಂಗಿಗಳನ್ನು ಮಡಿಸಿ ಜೋಡಿಸುವುದು ಅವಳ ಕೆಲಸ, ಹಿತ್ತಲಿಗೆ ನೀರು ಹಾಕುವುದೂ ಅವಳದ್ದೇ.

ಆ ಹಿತ್ತಲೇನು ದೊಡ್ಡದಲ್ಲ, ನಾಲ್ಕು ಹೆಜ್ಜೆ ಅಗಲ, ಹತ್ತು ಹೆಜ್ಜೆ ಉದ್ದ. ಹಿಂದಿನ ಮಳೆಗಾಲದಲ್ಲಿ ಅಲ್ಲಿ ಸೊಪ್ಪು ಬೆಳೆಯೋಣ ಅನ್ನಿಸಿದ್ದು ಇಸ್ತ್ರಿಯಕ್ಕನಿಗೇ. ಅಂಗಡಿಗೆ ಬಂದ ಯಾರೋ ಬೂದಿ ಗಿಡಕ್ಕೆ ಒಳ್ಳೆಯದು ಅಂದಿದ್ದರು. ಮಾತು ಸುಳ್ಳೇನಲ್ಲ. ದಿನಾ ಸಂಜೆ ಪೆಟ್ಟಿಗೆ ಕೊಡವಿದರೆ ಅರ್ಧ ಬಾಂಡ್ಲಿ ಬೂದಿ ಬೀಳುತ್ತದೆ. ಅಷ್ಟು ವರ್ಷ ಚರಂಡಿ ಪಾಲಾದ ಬೂದಿಯನ್ನು ನೆನೆದು ಅವಳ ಹೊಟ್ಟೆ ಉರಿಯಿತು. ಅವತ್ತಿನಿಂದ ಒಂದು ಹಿಡಿಯನ್ನೂ ಎಸೆಯದೆ ಎಲ್ಲವನ್ನೂ ಮಡಿಗೇ ಸುರಿದಳು. ಮಳೆ ಚೆನ್ನಾಗಿ ಹೊಡೆಯಿತು, ಪಾಲಕ್ ಅಂಗೈಯಗಲ ಎಲೆ ಬಿಟ್ಟಿತು, ಬೆಂಡೆಗಿಡ ಸೊಂಟದೆತ್ತರ ಬಂತು. ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಬಟ್ಟೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿ ತನ್ನ ಬೂದಿಯ ಮಹಿಮೆ ಹೇಳಿದಳು. ಬಟ್ಟೆಗೆ ಮಾತ್ರ ಕೂಲಿ, ಉಪದೇಶ ಬಿಟ್ಟಿ ಅಂತ ಗಂಡ ಹಾಸ್ಯ ಮಾಡುತ್ತಿದ್ದ.

ಸೊಸೆಗೆ ಮೂರು ತಿಂಗಳಾದಾಗ ಆರೋಗ್ಯ ಕೇಂದ್ರದ ನರ್ಸಮ್ಮ ರಕ್ತ ಪರೀಕ್ಷೆ ಮಾಡಿಸಿ, ಹುಡುಗಿಗೆ ರಕ್ತ ಕಡಿಮೆ ಇದೆ ಅಂದಿದ್ದರು. ಕಬ್ಬಿಣಾಂಶದ ಮಾತ್ರೆ ಒಂದು ದಿನವೂ ತಪ್ಪಬಾರದು, ಜೊತೆಗೆ ದಿನಾ ಸೊಪ್ಪು, ಕಾಳು, ತರಕಾರಿ ತಟ್ಟೆಯಲ್ಲಿರಬೇಕು, ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಅಂತ ಬಿಡಿಸಿ ಹೇಳಿದ್ದರು. ಸೊಪ್ಪಿನ ಚಿಂತೆ ನನಗೆ ಬಿಡಿ ಅಂತ ಇಸ್ತ್ರಿಯಕ್ಕ ಮಾತು ಕೊಟ್ಟಿದ್ದಳು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಆದರೆ ಮಳೆ ಆಗಲೇ ನಿಂತಿತ್ತು, ಬಿಸಿಲು ಏರಿತು, ಸಂತೆಯಲ್ಲಿ ಬಾಡಿದ ಸೊಪ್ಪಿಗೂ ಕೈ ಸುಡುವ ಬೆಲೆ ಬಂತು. ಹಿತ್ತಲಲ್ಲಿ ಬಿತ್ತಿದ್ದು ಒಮ್ಮೆ ಒಣಗಿತು. ಮತ್ತೆ ಬಿತ್ತಿ ಇನ್ನಷ್ಟು ಬೂದಿ ಸುರಿದಳು. ಅದೂ ಒಣಗಿತು.

"ನೀರು ಹಾಕು ಅಂದ್ರೆ ಹಾಕಲ್ಲ. ನಿನ್ನ ಹೊಟ್ಟೆಗೇ ಅಲ್ವಾ ನಾನು ಬೆಳೀತಿರೋದು?" ಅಂದಳು ಸೊಸೆಗೆ.

"ಹಾಕಿದೀನಿ ಅತ್ತೆ."

"ಹಾಕಿದ್ರೆ ಹೀಗಾಗ್ತಿತ್ತಾ?"

ಇಸ್ತ್ರಿಯಕ್ಕ ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಗೆ ಬಂದವರಿಗೆಲ್ಲ, ಈಗಿನ ಹುಡುಗಿಯರಿಗೆ ಒಂದು ಬಿಂದಿಗೆ ನೀರು ಎತ್ತುವುದೂ ಭಾರ ಅಂತ ಹೇಳಿದಳು. ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಸೊಸೆ ಅದನ್ನೆಲ್ಲ ಕೇಳಿಸಿಕೊಂಡಳು. ಒಣಗಿದ ದಂಟಾದರೂ ಚಿಗುರಲಿ ಅಂತ ಮಾರನೇ ದಿನದಿಂದ ಬೆಳಿಗ್ಗೆ ಒಂದು ಸಲ ಹಾಕುತ್ತಿದ್ದ ನೀರನ್ನು ಸಂಜೆಯೂ ಹಾಕತೊಡಗಿದಳು. ಬೀದಿಯ ನಲ್ಲಿಯಿಂದ ಹಿತ್ತಲವರೆಗೆ ನಲವತ್ತು ಹೆಜ್ಜೆ. ಹತ್ತನೇ ದಿನ ನಲ್ಲಿಯ ಹತ್ತಿರವೇ ಕಣ್ಣು ಕತ್ತಲೆ ಬಂದು ಕುಸಿದು ಕೂತಳು. ಬಿಂದಿಗೆ ಉರುಳಿ ನೀರೆಲ್ಲ ಬೀದಿಗೆ ಹರಿಯಿತು.

ಸುದ್ದಿ ಕೇಳಿ ನರ್ಸಮ್ಮ ಅವತ್ತೇ ಬಂದರು. ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ಮಾತ್ರೆಯ ಹಾಳೆ ತರಿಸಿ ಎಷ್ಟು ನುಂಗಿದ್ದಾಳೆ ಅಂತ ನೋಡಿದರು. ಮಾತ್ರೆ ತಪ್ಪಿರಲಿಲ್ಲ. ಏನು ಊಟ ಮಾಡುತ್ತಿದ್ದೀಯಾ ಅಂತ ಕೇಳಿದಾಗ ಸೊಸೆ ಅತ್ತೆಯ ಮುಖ ನೋಡಿದಳು. ತಿಂಗಳಿಂದ ತಟ್ಟೆಗೆ ಸೊಪ್ಪು ಬಿದ್ದಿರಲಿಲ್ಲ. ಇಸ್ತ್ರಿಯಕ್ಕ ಅದೇ ಹಳೆಯ ದೂರು ತೆಗೆದಳು. ನರ್ಸಮ್ಮ ವಾದ ಮಾಡಲಿಲ್ಲ, ಹಿತ್ತಲು ತೋರಿಸಿ ಅಂದರು.

ಆ ನರ್ಸಮ್ಮನಿಗೂ ಗಿಡದ ಹುಚ್ಚು. ಬಾಡಿಗೆ ಮನೆಯ ತಾರಸಿಯಲ್ಲಿ ಹಳೇ ಚೀಲಗಳಿಗೆ ಮಣ್ಣು ತುಂಬಿ ತರಕಾರಿ ಬೆಳೆಯುವವರು ಅವರು. ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೇಲಿದ್ದ ಬೂದುಬಣ್ಣದ ಗಟ್ಟಿ ಪದರವನ್ನು ಕಡ್ಡಿಯಿಂದ ಕೆರೆದರು. ಎರಡು ಬೆರಳು ದಪ್ಪ ಇತ್ತು. ಅದರ ಕೆಳಗೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಇಸ್ತ್ರಿಯಕ್ಕನ ಅಂಗೈಗೆ ಹಾಕಿದರು.

"ಹಿಸುಕಿ ನೋಡಿ ಅಕ್ಕಾ."

ಹಿಸುಕಿದಳು. ಮಣ್ಣು ತಣ್ಣಗಿತ್ತು, ಉಂಡೆಯಾಗಿ ನಿಂತಿತು.

"ಒಳಗೆ ತೇವ ಇದೆ. ನೀರು ಕಾಣದೆ ಸತ್ತ ಗಿಡ ಅಲ್ಲ ಇದು," ಅಂದರು ನರ್ಸಮ್ಮ. "ದಿನಾ ಎಷ್ಟು ಬೂದಿ ಹಾಕ್ತೀರಿ?"

ಎಷ್ಟು ಅಂತ ಹೇಳುವಾಗ ಇಸ್ತ್ರಿಯಕ್ಕನ ದನಿ ಸಣ್ಣಗಾಯಿತು. ನರ್ಸಮ್ಮ ನಿಧಾನಕ್ಕೆ ತಿಳಿಸಿದರು. ಬೂದಿಯಲ್ಲಿ ಸುಣ್ಣದಂಥ ಕ್ಷಾರ ಇರುತ್ತದೆ. ಒಂದು ಹಿಡಿಯಾದರೆ ಗಿಡಕ್ಕೆ ಬಲ, ಬಾಂಡ್ಲಿಗಟ್ಟಲೆ ಸುರಿದರೆ ಬೇರು ಸುಡುತ್ತದೆ. ಮಳೆಗಾಲದಲ್ಲಿ ಮಳೆಯೇ ಅದನ್ನು ತೊಳೆದುಕೊಂಡು ಹೋಯಿತು, ಅದಕ್ಕೇ ಬೆಳೆ ಬಂತು. ಬೇಸಿಗೆಯಲ್ಲಿ ತೊಳೆಯುವವರು ಯಾರೂ ಇಲ್ಲದೆ ಅದು ಮಡಿಯಲ್ಲೇ ಕೂತಿತು. ಮೂಲೆಯಲ್ಲಿ ಒಡೆದ ತೊಟ್ಟಿಯೊಂದಿತ್ತು, ಅದರ ಹಿಂದೆ ಬೂದಿ ಬೀಳದ ಜಾಗದಲ್ಲಿ ತಾನಾಗಿ ಹುಟ್ಟಿದ ಟೊಮೆಟೊ ಗಿಡ ಹಸಿರಾಗಿ ನಿಂತಿತ್ತು. ನರ್ಸಮ್ಮ ಅದರತ್ತ ಕೈ ತೋರಿಸಿದರು. ಅದಕ್ಕೂ ಅದೇ ಬಿಸಿಲು, ಅದೇ ನೀರು.

ಇಸ್ತ್ರಿಯಕ್ಕ ಅಂಗೈಯಲ್ಲಿದ್ದ ಮಣ್ಣನ್ನೇ ನೋಡುತ್ತಾ ನಿಂತಳು. ಹತ್ತು ದಿನ ಎರಡು ಹೊತ್ತೂ ಬಿಂದಿಗೆ ಹೊತ್ತವಳು ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಇಸ್ತ್ರಿಯಕ್ಕನಿಗೆ ನಾಚಿಕೆಯಾಯಿತು. ಕೈ ತೊಳೆಯಲು ಹೋದಳು.

"ನಮ್ಮ ಕೈಗುಣಕ್ಕೆ ಗಿಡ ಹತ್ತಲ್ಲ ಬಿಡಿ ನರ್ಸಮ್ಮ," ಅಂದ ಗಂಡ. "ಬೇಸಿಗೇಲಿ ಸಂತೆ ಇದೆ, ಮಳೇಲಿ ನೋಡಿದ್ರಾಯ್ತು."

"ಸಂತೇಲಿ ತಗೊಂಡ್ರಾ ಈ ತಿಂಗಳು?"

ಅವನು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒರೆಸತೊಡಗಿದ.

"ಕೈಗುಣ ಅಂತ ಏನೂ ಇಲ್ಲ ಅಣ್ಣಾ. ಕಾವು ಹೆಚ್ಚಾದ್ರೆ ಬಟ್ಟೆ ಸುಡುತ್ತೆ ಅಂತ ಅಕ್ಕನಿಗೆ ಯಾರಾದರೂ ಹೇಳಿಕೊಡಬೇಕಾ? ಮಣ್ಣಿಗೂ ಅಷ್ಟೇ, ಹದ ಬೇಕು. ಒಳ್ಳೇ ಕಾಲಕ್ಕೆ ಒಂದು ಹದ, ಕೆಟ್ಟ ಕಾಲಕ್ಕೆ ಇನ್ನೊಂದು."

ಮಾರನೇ ದಿನ ಗಂಡ ಗೊಣಗುತ್ತಲೇ ಗುದ್ದಲಿ ಹಿಡಿದ. ಮಡಿಯ ಮೇಲಿನ ನಾಲ್ಕು ಬೆರಳು ಮಣ್ಣು ಕೆರೆದು ತೆಗೆದರು. ಬೇಲಿಯಾಚೆಯ ಒಳ್ಳೇ ಮಣ್ಣಿಗೆ ಹಳೇ ಸಗಣಿ ಗೊಬ್ಬರ ಬೆರೆಸಿ ತುಂಬಿದರು. ನೀರು ಹೊರುವ ಕೆಲಸ ಅಂದೇ ಗಂಡನ ಪಾಲಿಗೆ ಬಂತು. ವಾರ ಬಿಟ್ಟು ಬಿತ್ತುವಾಗ ಇಸ್ತ್ರಿಯಕ್ಕ ಮತ್ತೆ ಪಾಲಕ್ ಬೀಜವನ್ನೇ ತೆಗೆದಳು. ಪಾಲಕ್‌ಗೆ ತಂಪು ಬೇಕು, ಬಿಸಿಲಿಗೆ ಹರಿವೆ, ಬಸಳೆ ಆಗುತ್ತವೆ ಅಂತ ನರ್ಸಮ್ಮ ತಡೆದರು. ಇದ್ದ ಹರಿವೆ ಬೀಜವನ್ನೂ ಒಂದೇ ಸಲ ಚೆಲ್ಲಲು ಬಿಡಲಿಲ್ಲ. ಅರ್ಧ ಇವತ್ತು, ಇನ್ನರ್ಧ ಹದಿನೈದು ದಿನ ಬಿಟ್ಟು. ಹಾಗೆ ಮಾಡಿದರೆ ಒಂದು ಮಡಿ ಮುಗಿಯುವಾಗ ಇನ್ನೊಂದು ಕೈಗೆ ಬರುತ್ತದೆ, ಒಂದು ಕೈಕೊಟ್ಟರೂ ಬೀಜವೆಲ್ಲ ಹೋಗುವುದಿಲ್ಲ.

ನೆರಳಿಗೆ ಏನು ಕಟ್ಟುವುದು ಅನ್ನುವ ಪ್ರಶ್ನೆ ಬಂದಾಗ, ಎರಡು ವರ್ಷದಿಂದ ಯಾರೂ ಕೇಳಿಕೊಂಡು ಬರದ ತೆಳು ಹೊದಿಕೆಯೊಂದು ಅಂಗಡಿಯ ಅಟ್ಟದಲ್ಲಿ ಸಿಕ್ಕಿತು. ನಾಲ್ಕು ಕೋಲು ನೆಟ್ಟು ಅದನ್ನೇ ಕಟ್ಟಿದರು. ಇಸ್ತ್ರಿಗೆ ಕೊಟ್ಟವರು ಬಂದು ಕೇಳಿದರೆ ಏನು ಹೇಳುವುದು ಅಂತ ಗಂಡ ಕೇಳಿದ.

"ಒಣಗೋಕೆ ಹಾಕಿದೀವಿ ಅನ್ನಿ," ಅಂದಳು ಸೊಸೆ. ಒಂದು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕರು.

ಮೊಳಕೆ ಬಂದ ಮೇಲೆ ಗಿಡಗಳ ಬುಡಕ್ಕೆ ಒಣ ಎಲೆ ಹಾಸಿದರು. ಅದರಿಂದ ತೇವ ಆರುವುದು ಎಷ್ಟು ಕಡಿಮೆಯಾಯಿತೆಂದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಒಂದು ಬಿಂದಿಗೆ ಹಾಕಿದರೆ ಸಾಕಾಯಿತು. ಅದಕ್ಕೂ ಅರ್ಧ ಅಕ್ಕಿ, ತರಕಾರಿ ತೊಳೆದ ನೀರೇ. ಸೋಪಿನ ನೀರು ಮಾತ್ರ ಹತ್ತಿರ ಸುಳಿಯಬಾರದು ಅಂತ ನರ್ಸಮ್ಮ ಕಟ್ಟಪ್ಪಣೆ ಮಾಡಿದ್ದರು. ಬೂದಿ ಒಂದು ಡಬ್ಬಕ್ಕೆ ಸೇರಿತು. ಇಡೀ ಮಡಿಗೆ ಮೂರು ತಿಂಗಳಿಗೊಂದು ಹಿಡಿ. ಬೇಕಾದವರು ತಮ್ಮ ಗಿಡಕ್ಕೂ ಒಂದು ಹಿಡಿ ಒಯ್ಯಬಹುದು, ಎರಡನೇ ಹಿಡಿಗೆ ಕೈ ಹಾಕಿದರೆ ಇಸ್ತ್ರಿಯಕ್ಕ ಗದರುತ್ತಾಳೆ. ತಿಂಗಳಾಗುವಷ್ಟರಲ್ಲಿ ಮೊದಲ ಹರಿವೆ ಕೊಯ್ದರು. ಒಂದು ಹಿಡಿಯಷ್ಟೇ ಸಿಕ್ಕಿತು. ಅದಷ್ಟೂ ಸೊಸೆಯ ತಟ್ಟೆಗೆ ಹೋಯಿತು.

ಎಂಟನೇ ತಿಂಗಳಲ್ಲಿ ಮತ್ತೆ ಪರೀಕ್ಷೆಯಾದಾಗ ರಕ್ತ ಏರಿತ್ತು. ಇಸ್ತ್ರಿಯಕ್ಕ ಬೆನ್ನು ತಟ್ಟಿಕೊಳ್ಳುವ ಮೊದಲೇ, ಮಾತ್ರೆಯ ಕೆಲಸ ಮಾತ್ರೆ ಮಾಡಿದೆ, ಸೊಪ್ಪಿನ ಕೆಲಸ ಸೊಪ್ಪು ಮಾಡಿದೆ, ಎರಡರಲ್ಲಿ ಒಂದನ್ನೂ ಬಿಡಬೇಡಿ ಅಂದರು ನರ್ಸಮ್ಮ. ಹೆಣ್ಣುಮಗು ಹುಟ್ಟಿತು. ಆ ಸಲದ ಮಳೆ ಬೇಡ ಬೇಡವೆಂದರೂ ಬಿಡದೆ ಸುರಿಯಿತು. ಬೀದಿಯ ಹಿತ್ತಲುಗಳಲ್ಲೆಲ್ಲ ನೀರು ನಿಂತು ಬೇರು ಕೊಳೆಯಿತು. ಇವರು ಮೊದಲೇ ಮಡಿಯನ್ನು ಮೊಣಕಾಲಿನ ಅರ್ಧದಷ್ಟು ಏರಿಸಿ, ಸುತ್ತ ಕಾಲುವೆ ತೆಗೆದಿದ್ದರು. ಎಲ್ಲವೂ ಉಳಿಯಲಿಲ್ಲ. ಬದನೆ ಹೋಯಿತು, ಬೆಂಡೆ ಮತ್ತು ಬಸಳೆ ನಿಂತವು. ಮುಂದಿನ ಬಿತ್ತನೆಗೆ ಅಂತ ಎರಡು ಬೆಂಡೆಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟರು.

ಅಷ್ಟೆಲ್ಲ ಆದರೂ ಇಸ್ತ್ರಿಯಕ್ಕನ ಬಾಯಿಂದ ತಪ್ಪಾಯಿತು ಅನ್ನುವ ಒಂದು ಮಾತು ಬಂದಿರಲಿಲ್ಲ. ಸೊಸೆ ಕೇಳಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಹಳೇ ಗಿರಾಕಿ ಮಾಸ್ತರರು ಅಂಗಿಗಾಗಿ ಕಾಯುತ್ತಾ ನಿಂತಿದ್ದರು. ಬಾಗಿಲಿನಿಂದ ಹಿತ್ತಲ ಹಸಿರು ಕಾಣುತ್ತಿತ್ತು.

"ಪರವಾಗಿಲ್ವೇ, ಸೊಸೆ ಈಗ ನೀರು ಹಾಕೋದು ಕಲಿತ ಹಾಗಿದೆ," ಅಂದರು.

ಒಳಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದ ಸೊಸೆ ತಲೆ ತಗ್ಗಿಸಿದಳು. ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಅವಳು ಅವತ್ತೂ ಹಾಕಿದ್ಲು ಮಾಸ್ತರೇ. ಎರಡು ಹೊತ್ತೂ ಹಾಕಿದ್ಲು, ಬಸುರಿ ಹೆಂಗಸು ತಲೆ ತಿರುಗಿ ಬೀಳೋವರೆಗೂ ಹಾಕಿದ್ಲು. ಗಿಡ ಸುಟ್ಟಿದ್ದು ನಾನು. ನಿಮ್ಮ ಮುಂದೆ ಅವಳನ್ನ ಅಂದಿದ್ದೆ, ಅದಕ್ಕೇ ನಿಮ್ಮ ಮುಂದೇನೇ ಹೇಳ್ತಿದೀನಿ. ತಪ್ಪು ನಂದು."

ಮಾಸ್ತರರು ಅಂಗಿ ತೆಗೆದುಕೊಂಡು ಹೊರಟರು. ಇಸ್ತ್ರಿಯಕ್ಕ ಮುಂದಿನ ಗಂಟು ಬಿಚ್ಚಿದಳು. ಅಂದು ಸಂಜೆಯವರೆಗೆ ಬಂದ ಒಬ್ಬೊಬ್ಬರಿಗೂ ಅದೇ ಮಾತು ಹೇಳಿದಳು, ಯಾರನ್ನೂ ಬಿಡಲಿಲ್ಲ. ನಾಲ್ಕನೆಯವರಿಗೆ ಹೇಳುವಾಗ ಸೊಸೆ ಮಗುವನ್ನೆತ್ತಿಕೊಂಡು ಹೊರಗೆ ಬಂದು ಅತ್ತೆಯ ಮೇಜಿನ ಪಕ್ಕದಲ್ಲೇ ಕೂತಳು. "ಸಾಕು ಅತ್ತೆ," ಅಂದಳು. ಅತ್ತೆ ಸಾಕು ಮಾಡಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಂದೆ ಎರಡು ಹೆಜ್ಜೆ ಜಾಗವಿದ್ದರೂ, ತಾರಸಿಯಲ್ಲಿ ಒಂದು ಹಳೇ ಚೀಲ ಇಡುವಷ್ಟೇ ಜಾಗವಿದ್ದರೂ ಈ ವಾರವೇ ಒಂದು ಚಿಟಿಕೆ ಬೀಜ ಬಿತ್ತಿ. ಬಿಸಿಲಿಗೆ ನೆರಳು ಕೊಡಿ, ಮಳೆಗೆ ಮಡಿ ಏರಿಸಿ, ಎಲ್ಲ ಬೀಜವನ್ನೂ ಒಂದೇ ದಿನ ಮಣ್ಣಿಗೆ ಹಾಕಬೇಡಿ. ಬೂದಿಯಾಗಲಿ ಗೊಬ್ಬರವಾಗಲಿ ನೀರಾಗಲಿ, ಒಳ್ಳೆಯದು ಅಂತ ಸುರಿಯಬೇಡಿ. ಮನೆಯಲ್ಲಿ ಬಸುರಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪಿಸಬೇಡಿ, ಕೊಯ್ದ ಮೊದಲ ಸೊಪ್ಪು ಅವಳ ತಟ್ಟೆಗೆ ಹೋಗಲಿ. ಯಾವುದೋ ಒಂದು ಕೆಟ್ಟ ಕಾಲದಲ್ಲಿ ನಿಮ್ಮ ಗಿಡವೂ ಒಣಗುತ್ತದೆ, ಒಣಗದ ಹಿತ್ತಲು ಯಾರದ್ದೂ ಇಲ್ಲ. ಆಗ ಮನೆಯವರ ಮೇಲೆ ಬಾಯಿ ಮಾಡುವ ಮೊದಲು ಒಂದು ಸಲ ಮಣ್ಣಿಗೆ ಕೈ ಹಾಕಿ ನೋಡಿ.